ಗಂಡ ಬದಲಾದ ಮನೆ

ಹೋದ ಮಳೆಗಾಲ ಅಮ್ಮ ಊರಿಂದ ಬಂದು ನಮ್ಮ ಮನೆಯಲ್ಲಿದ್ದಳು. ಸಂಜೆ ದೀಪ ಹಚ್ಚಿದಾಗಿನಿಂದ ಹತ್ತು ಗಂಟೆಯವರೆಗೆ ಟಿವಿ ಅವಳದು, ಧಾರಾವಾಹಿ ಮೇಲೆ ಧಾರಾವಾಹಿ. ಆಮೇಲೆ ರಿಮೋಟು ನನ್ನ ಕೈಗೆ. ನನಗೆ ಆಗ ಹಳೇ ಅಮೆರಿಕನ್ ಸಿಟ್‌ಕಾಮ್‌ಗಳ, ಅಂದರೆ ಮನೆಮಂದಿಯ ನಗೆ ಧಾರಾವಾಹಿಗಳ ಗೀಳು ಹಿಡಿದಿತ್ತು. ಯೂಟ್ಯೂಬಿನಲ್ಲಿ ಯಾರೋ ಪುಣ್ಯಾತ್ಮರು ಹಾಕಿಟ್ಟ ಕಪ್ಪು ಬಿಳುಪು ಕಂತುಗಳು, ಅಂಚೆಲ್ಲ ಮಸುಕು, ಮಾತು ಅರ್ಧಂಬರ್ಧ ಕೇಳುವಂಥವು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ನಿದ್ದೆ ಬರುವವರೆಗೆ ಕೂತಿರುತ್ತಿದ್ದಳು. ಒಂದು ರಾತ್ರಿ 'ದಿ ಗೋಲ್ಡ್‌ಬರ್ಗ್ಸ್' ಎಂಬ ಧಾರಾವಾಹಿಯ 1949ರ ಕಂತೊಂದು ಮುಗಿದು, ತಾನಾಗಿಯೇ 1955ರ ಇನ್ನೊಂದು ಕಂತು ಶುರುವಾಯಿತು. ಅದೇ ದಪ್ಪನೆಯ ನಗುಮುಖದ ಹೆಂಗಸು, ಅದೇ ಮುದುಕ ಅಂಕಲ್, ಅದೇ ಮಗಳು. ಎರಡು ನಿಮಿಷ ಆಗಿರಲಿಲ್ಲ, ಅಮ್ಮ "ಗಂಡ ಬೇರೆ ಇವನು" ಅಂದಳು. ಮತ್ತೆ ಸ್ವಲ್ಪ ಹೊತ್ತು ನೋಡಿ, "ಸಂಬಳ ಜಾಸ್ತಿ ಕೇಳಿರ್ತಾನೆ, ತೆಗೆದುಹಾಕಿರ್ತಾರೆ" ಅಂತ ತೀರ್ಪು ಕೊಟ್ಟು ಮಲಗಲು ಹೋದಳು. (ಮಗನ ಪಾತ್ರದವನೂ ಬದಲಾಗಿದ್ದ. ಅದನ್ನು ಅವಳು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಗಂಡುಹುಡುಗರು ಬೆಳೆಯುತ್ತಾರಲ್ಲ.)

ಕನ್ನಡ ಧಾರಾವಾಹಿ ನೋಡುವವರಿಗೆ ಇದೇನೂ ಹೊಸದಲ್ಲ. ನಿನ್ನೆಯವರೆಗೆ ಒಬ್ಬ ಅತ್ತೆ, ಇವತ್ತು ಇನ್ನೊಬ್ಬ ಅತ್ತೆ. ಪರದೆಯ ಕೆಳಗೆ 'ಈ ಪಾತ್ರದಲ್ಲಿ ಇನ್ನು ಮುಂದೆ ಇಂಥವರು' ಅಂತ ಒಂದು ಸಾಲು ಓಡುತ್ತದೆ, ಅಷ್ಟೆ. ಮನೆಯವರು ಯಾರೂ "ನಿನ್ನ ಮುಖ ಯಾಕೆ ಹೀಗಾಯ್ತು" ಅಂತ ಕೇಳುವುದಿಲ್ಲ, ಕೇಳಬಾರದು, ಅದು ನಮಗೂ ಅವರಿಗೂ ನಡುವಿನ ಒಪ್ಪಂದ. ಆದರೆ ಗೋಲ್ಡ್‌ಬರ್ಗ್ ಮನೆಯ ಯಜಮಾನ ಹೋದದ್ದು ಸಂಬಳದ ಜಗಳದಿಂದಲ್ಲ. ಅಮೆರಿಕದ ಟಿವಿಯಲ್ಲಿ ಯಹೂದಿ ಸಂಸಾರ ಎಂಬುದು ಹೇಗೆ ಬಂತು, ಹೇಗೆ ಮಾಯವಾಯಿತು, ಮಾಯವಾದ ಮೇಲೂ ಹೇಗೆ ಅಲ್ಲೇ ಉಳಿಯಿತು ಎಂದು ಯೋಚಿಸಿದಾಗಲೆಲ್ಲ ನನಗೆ ಆ ಬದಲಾದ ಗಂಡನೇ ಅಡ್ಡ ಬರುತ್ತಾನೆ.

ಕಿಟಕಿ

ಮೊದಲು ಆ ಕಿಟಕಿಯ ವಿಷಯ ಹೇಳಬೇಕು. 1949ರ ಜನವರಿಯಲ್ಲಿ ಸಿಬಿಎಸ್ ಟಿವಿ ಜಾಲದಲ್ಲಿ ಶುರುವಾದ ಈ ಧಾರಾವಾಹಿಯ ಕಂತು ತೆರೆಯುವುದೇ ಒಂದು ಕಿಟಕಿಯಿಂದ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಈಸ್ಟ್ ಟ್ರೆಮಾಂಟ್ ಅವೆನ್ಯೂ, 1038ನೇ ನಂಬರಿನ ಕಟ್ಟಡ, 3ಬಿ ಮನೆ. ಕ್ಯಾಮೆರಾ ಹೊರಗಿದೆ, ಮೋಲಿ ಗೋಲ್ಡ್‌ಬರ್ಗ್ ಒಳಗಿದ್ದಾಳೆ. ಮೈ ಮುಂದೆ ಬಾಗಿಸಿ, ಕಿಟಕಿಯ ಕಟ್ಟೆಯ ಮೇಲೆ ತೋಳಿಟ್ಟು, ನೇರ ನಮ್ಮನ್ನು ನೋಡಿ ಮಾತಾಡುತ್ತಾಳೆ. ನಾವು ಎದುರು ಮನೆಯ ಕಿಟಕಿಯವರು. ಅಕ್ಕಪಕ್ಕದವರನ್ನು ಅವಳು ಕರೆಯುವುದೂ ಹಾಗೇ, "ಯೂ-ಹೂ, ಮಿಸೆಸ್ ಬ್ಲೂಮ್!" ಅಂತ ಕಿಟಕಿಯಿಂದಲೇ ಕೂಗಿ. ಹಾಲಿನ ವಿಷಯ, ಮಕ್ಕಳ ವಿಷಯ, ಗಂಡನ ಮೂಗಿನ ತುದಿಯ ಸಿಟ್ಟಿನ ವಿಷಯ ಹೇಳುತ್ತ ಹೇಳುತ್ತ ಮಾತು ಸ್ಯಾಂಕಾ ಕಾಫಿಗೆ ಬರುತ್ತದೆ. ಕೆಫೀನ್ ತೆಗೆದ ಕಾಫಿ, ಎಷ್ಟು ಬೇಕಾದರೂ ಕುಡಿಯಿರಿ, ನಿದ್ದೆಗೆ ಭಂಗವಿಲ್ಲ. ಮುಗಿಯಿತು, ಅವಳು ಒಳಗೆ ತಿರುಗುತ್ತಾಳೆ, ಕ್ಯಾಮೆರಾ ಅವಳ ಹಿಂದೆ ಒಳಗೆ ಹೋಗುತ್ತದೆ, ಕತೆ ಶುರು.

ಜಾಹೀರಾತು ಎಲ್ಲಿ ಮುಗಿಯಿತು, ಸಂಸಾರ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ಈಗಿನ ಹಾಗೆ ಕಂತಿನ ನಡುವೆ ಹತ್ತು ಕಂಪನಿಗಳ ಜಾಹೀರಾತು ತುರುಕುವ ಕಾಲ ಅದಲ್ಲ. ಒಂದು ಧಾರಾವಾಹಿಗೆ ಒಬ್ಬ ಪ್ರಾಯೋಜಕ, ಅವನೇ ಧಣಿ. ಸ್ಯಾಂಕಾ ಜನರಲ್ ಫುಡ್ಸ್ ಕಂಪನಿಯದು. ಆ ಮನೆಯ ಅಡುಗೆಮನೆ, ಊಟದ ಮೇಜು, ಮೋಲಿಯ ನಗು, ಎಲ್ಲವೂ ನಡೆಯುತ್ತಿದ್ದದ್ದು ಆ ಕಂಪನಿಯ ದುಡ್ಡಿನಲ್ಲಿ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಮೋಲಿಯಾಗಿ ನಟಿಸುತ್ತಿದ್ದ ಗರ್ಟ್ರೂಡ್ ಬರ್ಗ್ ಬರೀ ನಟಿಯಲ್ಲ. ಕತೆ, ಸಂಭಾಷಣೆ, ಪಾತ್ರಗಳ ಆಯ್ಕೆ ಎಲ್ಲ ಆಕೆಯದೇ. ಹುಟ್ಟಿದ ಹೆಸರು ಟಿಲ್ಲಿ ಎಡೆಲ್‌ಸ್ಟೈನ್, ಊರು ನ್ಯೂಯಾರ್ಕಿನ ಹಾರ್ಲೆಮ್. ಅಪ್ಪನಿಗೆ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವಿನ ಫ್ಲೈಶ್‌ಮನ್ಸ್ ಎಂಬಲ್ಲಿ ಒಂದು ಹೋಟೆಲು. ಬೇಸಿಗೆಗೆಂದು ಬಂದು ಉಳಿದವರು ಮಳೆ ಹಿಡಿದ ದಿನ ಬೇಜಾರಾಗಿ ಗಂಟುಮೂಟೆ ಕಟ್ಟಿಬಿಡಬಾರದಲ್ಲ, ಅದಕ್ಕೆ ಹುಡುಗಿ ಸಣ್ಣಪುಟ್ಟ ಪ್ರಹಸನ ಬರೆದು ಆಡಿಸುತ್ತಿದ್ದಳು. ಮುಂದೆ ಅದೇ ಬಗೆಯ ಬರಹ ಹಿಡಿದು ಎನ್‌ಬಿಸಿ ರೇಡಿಯೋದ ಅಧಿಕಾರಿಯ ಬಳಿ ಹೋದಾಗ, ಹಸ್ತಾಕ್ಷರ ಓದಲು ಬರುವಂತಿರಲಿಲ್ಲ. ಆತ "ನೀವೇ ಓದಿ" ಅಂದ. ಆಕೆ ಓದಿದಳು, ಮೋಲಿಯ ಪಾತ್ರ ಆಕೆಗೇ ಸಿಕ್ಕಿತು. ಅಕ್ಷರ ಕೆಟ್ಟದಾಗಿ ಬರೆದದ್ದು ಬೇಕಂತಲೇ ಅಂತ ಒಂದು ಮಾತಿದೆ, ನಾನಂತೂ ಅದನ್ನು ನಂಬುತ್ತೇನೆ. ರೇಡಿಯೋದಲ್ಲಿ ಮೊದಲ ಪ್ರಸಾರ 1929ರ ನವೆಂಬರ್ 20. ಅದಕ್ಕೆ ಕೆಲವೇ ವಾರ ಮೊದಲು ವಾಲ್ ಸ್ಟ್ರೀಟ್ ಷೇರುಪೇಟೆ ಮಕಾಡೆ ಮಲಗಿತ್ತು. ಕಷ್ಟದಲ್ಲಿ ಮೇಲೆ ಬರಲು ಹೆಣಗುವ ಬಡ ಸಂಸಾರದ ಕತೆ ಕೇಳಲು ಅದಕ್ಕಿಂತ ಹದವಾದ ಸಮಯ ಇರಲಿಲ್ಲ. ಹೆಸರು ಬಂದಮೇಲೆ ಬರ್ಗ್ ಇದ್ದದ್ದು ಪಾರ್ಕ್ ಅವೆನ್ಯೂವಿನಂಥ ಸಿರಿವಂತರ ಬೀದಿಯಲ್ಲಿ. ಸಂಭಾಷಣೆಗೆ ಮಾತು ಬೇಕಾದಾಗ ಲೋವರ್ ಈಸ್ಟ್ ಸೈಡ್‌ನ ಯಹೂದಿ ಕೇರಿಗಳಿಗೆ ಹೋಗಿ, ಅಂಗಡಿಗಳ ಮುಂದೆ ನಿಂತು ಜನ ಮಾತಾಡುವುದನ್ನು ಕೇಳಿಸಿಕೊಂಡು ಬರುತ್ತಿದ್ದರು.

ಕಲ್ಲು

ರೇಡಿಯೋ ಕಾಲದ ಒಂದು ಕಂತು ನನ್ನ ತಲೆಯಿಂದ ಹೋಗುತ್ತಿಲ್ಲ. 1939ರ ಏಪ್ರಿಲ್ 3, ಪಾಸೋವರ್ ಹಬ್ಬದ ರಾತ್ರಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕತೆಯನ್ನು ಊಟದ ಮೇಜಿನ ಸುತ್ತ ಕೂತು ಓದುವ ಹಬ್ಬ ಅದು. ಆ ಊಟಕ್ಕೆ ಸೇಡರ್ ಅಂತಾರೆ, ಕಿರಿಯರು ಪ್ರಶ್ನೆ ಕೇಳುತ್ತಾರೆ, ಹಿರಿಯರು ಕತೆ ಹೇಳುತ್ತಾರೆ. ಗೋಲ್ಡ್‌ಬರ್ಗ್ ಮನೆಯಲ್ಲಿ ಓದು ನಡೆಯುತ್ತಿದೆ. ಇದ್ದಕ್ಕಿದ್ದಂತೆ ಗಾಜು ಒಡೆದ ಸದ್ದು. ಯಾರೋ ಹೊರಗಿನಿಂದ ಕಿಟಕಿಗೆ ಕಲ್ಲು ತೂರಿದ್ದಾರೆ. ಮಕ್ಕಳು ಬೆದರುತ್ತಾರೆ. ಮೋಲಿ ಅವರನ್ನು ಸಮಾಧಾನ ಮಾಡುತ್ತಾಳೆ, ಸೇಡರ್ ಮುಂದುವರಿಯುತ್ತದೆ.

ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳ ಗಾಜು ಪುಡಿಗಟ್ಟಿದ 1938ರ ಆ ನವೆಂಬರ್ ರಾತ್ರಿ ಕಳೆದು ಐದು ತಿಂಗಳೂ ಆಗಿರಲಿಲ್ಲ. ಅಮೆರಿಕದಲ್ಲೇ ರೇಡಿಯೋದಲ್ಲಿ ಯಹೂದಿಗಳ ಮೇಲೆ ವಿಷ ಕಾರುತ್ತಿದ್ದ ಪಾದ್ರಿ ಚಾರ್ಲ್ಸ್ ಕಾಗ್ಲಿನ್‌ಗೆ ಲಕ್ಷಗಟ್ಟಲೆ ಕೇಳುಗರಿದ್ದರು. ಅಂಥ ಹೊತ್ತಿನಲ್ಲಿ ಸೋಪು, ಹಿಟ್ಟು ಮಾರುವ ಕಂಪನಿಗಳ ದುಡ್ಡಿನಲ್ಲಿ ನಡೆಯುವ ಮನರಂಜನೆಯ ಧಾರಾವಾಹಿಯೊಂದು, ಭಾಷಣವಿಲ್ಲದೆ, ಗೋಲ್ಡ್‌ಬರ್ಗ್ ಮನೆಗೆ ಆ ಕಲ್ಲನ್ನು ತಂದು ಎಸೆಯಿತು. ಯಾರು ಎಸೆದರು, ಯಾಕೆ ಎಸೆದರು ಅಂತ ಪತ್ತೆದಾರಿ ಮಾಡಲಿಲ್ಲ. ನನ್ನ ಮಟ್ಟಿಗೆ ಬರ್ಗ್ ಬರೆದದ್ದರಲ್ಲೆಲ್ಲ ದೊಡ್ಡದು ಇದೇ. ಪ್ರತಿ ವರ್ಷ ಯೋಮ್ ಕಿಪ್ಪುರ್ ಉಪವಾಸದ ಹೊತ್ತಿಗೆ ಮಂದಿರದ ಪ್ರಾರ್ಥನೆಯನ್ನೂ ಆಕೆ ಕಂತಿನೊಳಗೆ ತರುತ್ತಿದ್ದರು. ಯಾನ್ ಪೀರ್ಸ್ ಎಂಬ ಒಪೆರಾ ಗಾಯಕ ಬಂದು ಹಾಡುತ್ತಿದ್ದ. ಯುದ್ಧ ಬಂದಾಗ ಮಗ ಸ್ಯಾಮಿಯ ಪಾತ್ರಧಾರಿಗೆ ಸೇನೆಯಿಂದ ಕರೆ ಬಂತು. ಅವನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸುವ ಬದಲು ಬರ್ಗ್ ಸ್ಯಾಮಿಯನ್ನೇ ಸೇನೆಗೆ ಕಳಿಸಿದರು. ಬೀಳ್ಕೊಡುವ ಕಂತಿಗಾಗಿ ಇಡೀ ತಂಡ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಹೋಗಿ ಅಲ್ಲಿಂದಲೇ ಪ್ರಸಾರ ಮಾಡಿತು.

ಅಂದರೆ ಹೊರಗೆ ಆದದ್ದನ್ನು ಮನೆಯೊಳಗೆ ಮಾತಾಡುವ ದಾರಿ ಈ ಕತೆಗೆ ಗೊತ್ತಿತ್ತು. ಒಬ್ಬ ನಟ ಹೋದರೆ, ಅವನು ಹೋದ ಎಂದು ಮನೆಯವರೇ ಹೇಳುವ ದಾರಿಯೂ ಗೊತ್ತಿತ್ತು. ಟಿವಿಯ ಮೊದಲ ಗಂಡ, ನಟ ಲೋಬ್ ವಿಷಯದಲ್ಲಿ ಆಗದೆ ಹೋದದ್ದು ಇದೇ.

ಲೋಬ್

ಟಿವಿಯಲ್ಲಿ ಮೋಲಿಯ ಗಂಡ ಜೇಕ್ ಆಗಿದ್ದವರು ಫಿಲಿಪ್ ಲೋಬ್. ಪಕ್ಕಾ ರಂಗಭೂಮಿಯ ಮನುಷ್ಯ. 1948ರಲ್ಲಿ ಇದೇ ಕತೆ 'ಮಿ ಅಂಡ್ ಮೋಲಿ' ಎಂಬ ನಾಟಕವಾಗಿ ಬ್ರಾಡ್‌ವೇಗೆ ಬಂದಾಗಲೂ ಜೇಕ್ ಇವರೇ. ಉಳಿದಿರುವ ಆ ಕೆಲವು ಕಂತುಗಳಲ್ಲಿ ಲೋಬ್‌ರನ್ನು ಗಮನಿಸಿ ನೋಡಬೇಕು. ಉಡುಪು ವ್ಯಾಪಾರದಿಂದ ದಣಿದು ಬರುವ ಸಣಕಲು ಮೈಯ ಗಂಡಸು. ಮಾತಿಗೆ ಮೊದಲೇ ಕೈ ಎದ್ದಿರುತ್ತದೆ, ಸಿಟ್ಟು ಬಂದರೆ ದನಿ ಕೀರಲಾಗುತ್ತದೆ, ಹೆಂಡತಿ ಒಂದು ತಟ್ಟೆ ಮುಂದಿಟ್ಟರೆ ಅರ್ಧ ವಾಕ್ಯದಲ್ಲೇ ಇಳಿದುಬಿಡುತ್ತದೆ. ಬರ್ಗ್ ಮಾತಾಡುವಾಗ ಲೋಬ್ ಕೇಳಿಸಿಕೊಳ್ಳುವ ರೀತಿ ಇದೆಯಲ್ಲ, ತಲೆ ಸ್ವಲ್ಪ ವಾರೆ ಮಾಡಿ, 'ಇವಳು ಈಗ ಎಲ್ಲಿಗೆ ಹೋಗುತ್ತಾಳೆ ಅಂತ ಗೊತ್ತು, ಆದರೂ ಹೋಗಲಿ' ಎನ್ನುವ ಹಾಗೆ, ಅದರಲ್ಲಿ ಇಪ್ಪತ್ತು ವರ್ಷದ ದಾಂಪತ್ಯ ಕಾಣುತ್ತದೆ.

ಲೋಬ್ ನಟರ ಸಂಘ ಆ್ಯಕ್ಟರ್ಸ್ ಈಕ್ವಿಟಿಯಲ್ಲಿ ಮುಂದೆ ನಿಂತು ಕೆಲಸ ಮಾಡಿದವರು. ರಿಹರ್ಸಲ್ ದಿನಗಳಿಗೂ ಸಂಬಳ ಬೇಕು ಎನ್ನುವಂಥ ಬೇಡಿಕೆಗಳಿಗೆ ಬಡಿದಾಡಿದವರು. 1950ರ ಜೂನ್‌ನಲ್ಲಿ 'ರೆಡ್ ಚಾನೆಲ್ಸ್' ಎಂಬ ಪುಸ್ತಿಕೆ ಹೊರಬಂತು. ಎಫ್‌ಬಿಐ ಬಿಟ್ಟುಬಂದ ಮೂವರು ನಡೆಸುತ್ತಿದ್ದ 'ಕೌಂಟರ್‌ಅಟ್ಯಾಕ್' ಪತ್ರಿಕೆಯ ಪ್ರಕಟಣೆ. ರೇಡಿಯೋ, ಟಿವಿಯಲ್ಲಿ ಕಮ್ಯುನಿಸ್ಟರ ಜೊತೆ ನಂಟಿದೆ ಎಂದು 151 ಜನರ ಹೆಸರು ಅದರಲ್ಲಿತ್ತು. ಆರ್ಸನ್ ವೆಲ್ಸ್, ಲೆನರ್ಡ್ ಬರ್ನ್‌ಸ್ಟೈನ್, ಆರ್ಥರ್ ಮಿಲ್ಲರ್‌ರಂಥವರ ಸಾಲಿನಲ್ಲಿ ಲೋಬ್ ಹೆಸರೂ ಇತ್ತು. ನ್ಯಾಯಾಲಯವಿಲ್ಲ, ವಿಚಾರಣೆಯಿಲ್ಲ. ಯಾವುದೋ ಮನವಿಗೆ ಸಹಿ ಹಾಕಿದ್ದು, ಯಾವುದೋ ಸಭೆಗೆ ಹೋಗಿದ್ದು, ಅಷ್ಟು ಸಾಕು. ಅದೇ ಆಗಸ್ಟ್‌ನಲ್ಲಿ ಜನರಲ್ ಫುಡ್ಸ್ ತನ್ನ ಇನ್ನೊಂದು ಧಾರಾವಾಹಿ 'ದಿ ಆಲ್ಡ್ರಿಚ್ ಫ್ಯಾಮಿಲಿ'ಯಿಂದ ಜೀನ್ ಮ್ಯೂರ್ ಎಂಬ ನಟಿಯನ್ನು ಇದೇ ಪುಸ್ತಿಕೆಯ ಕಾರಣಕ್ಕೆ ಹೊರಹಾಕಿತು. ಆಮೇಲೆ ಅದರ ಕಣ್ಣು ಗೋಲ್ಡ್‌ಬರ್ಗ್ ಮನೆಯ ಮೇಲೆ ಬಿತ್ತು. ಲೋಬ್‌ರನ್ನು ತೆಗೆಯಿರಿ.

ಬರ್ಗ್ ಒಪ್ಪಲಿಲ್ಲ. ಊರೂರು ತಿರುಗಿ ನಿಮ್ಮ ಸರಕು ಕೊಳ್ಳಬೇಡಿ ಅಂತ ಹೇಳುತ್ತೇನೆ ಎಂದು ಕಂಪನಿಯನ್ನೇ ಹೆದರಿಸಿದರಂತೆ. ಲೋಬ್ ತಾನು ಕಮ್ಯುನಿಸ್ಟ್ ಪಕ್ಷದ ಸದಸ್ಯನಲ್ಲ, ಎಂದೂ ಆಗಿರಲಿಲ್ಲ ಎಂದರು. ಆ ಮಾತು ತನಗೆ ಸಾಕು ಅಂದರು ಬರ್ಗ್. 1951ರ ಜನವರಿಯಲ್ಲಿ ಆಕೆಗೆ ಅತ್ಯುತ್ತಮ ನಟಿಯ ಎಮ್ಮಿ ಎಂಬ ಟಿವಿ ಪ್ರಶಸ್ತಿ ಬಂತು, ಆ ವಿಭಾಗದಲ್ಲಿ ಕೊಟ್ಟ ಮೊದಲ ಎಮ್ಮಿ ಅದು. ಪ್ರಶಸ್ತಿ ಕಪಾಟಿನಲ್ಲಿ, ಜಗಳ ಮನೆಯಲ್ಲಿ. ಆ ಸೀಸನ್ ಮುಗಿದಾಗ ಜನರಲ್ ಫುಡ್ಸ್ ಕೈಬಿಟ್ಟಿತು, ಸಿಬಿಎಸ್ ಕೂಡ. ಬೇರೆ ಪ್ರಾಯೋಜಕರು ಬಂದರು, ಬಾಗಿಲಲ್ಲೇ ನಿಂತು "ಲೋಬ್ ಇದ್ದಾರಾ?" ಎಂದು ಕೇಳಿ ವಾಪಸ್ಸು ಹೋದರು. ಒಬ್ಬನಿಗಾಗಿ ಇಡೀ ತಂಡದ ಅನ್ನ ಹೋಗುತ್ತಿತ್ತು. 1952ರ ಜನವರಿಯಲ್ಲಿ ಲೋಬ್ ಪರಿಹಾರದ ಹಣ ತೆಗೆದುಕೊಂಡು ಹೊರನಡೆದರು. ಫೆಬ್ರವರಿಯಲ್ಲಿ ಎನ್‌ಬಿಸಿಯಲ್ಲಿ ಧಾರಾವಾಹಿ ಮತ್ತೆ ಬಂತು. ಜೇಕ್ ಪಾತ್ರದಲ್ಲಿ ಹೆರಾಲ್ಡ್ ಸ್ಟೋನ್. ಆಮೇಲೆ ರಾಬರ್ಟ್ ಎಚ್. ಹ್ಯಾರಿಸ್, ಅಮ್ಮ ನೋಡಿದ್ದು ಇವರನ್ನು.

ಬರ್ಗ್ ಕಡೆಗೆ ಬೆರಳು ತೋರಿಸುವುದು ಸುಲಭ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಸುಮಾರು ಒಂದೂವರೆ ವರ್ಷ ಆಕೆ ಎಳೆದಾಡಿದ್ದೇ ಆ ಕಾಲಕ್ಕೆ ದೊಡ್ಡದು, ಉಳಿದವರು ಒಂದು ವಾರವೂ ತಡೆಯಲಿಲ್ಲ. ನನ್ನನ್ನು ಕಾಡುವುದು ಆ ಬರಹಗಾರ್ತಿಯ ಕಷ್ಟ. ಸ್ಯಾಮಿ ಯುದ್ಧಕ್ಕೆ ಹೋದಾಗ ರೈಲು ನಿಲ್ದಾಣಕ್ಕೇ ಮೈಕು ಒಯ್ದವರು ಆಕೆ. ಜೇಕ್ ಹೋದಾಗ ಏನು ಬರೆಯಬಹುದಿತ್ತು? ಜೇಕ್ ಸತ್ತ ಅಂತ ಬರೆದರೆ ಮೋಲಿ ವಿಧವೆ, ನಗಿಸುವ ಧಾರಾವಾಹಿ ಮುಗಿಯಿತು. ಬಿಟ್ಟುಹೋದ ಅಂತ ಬರೆಯುವ ಹಾಗೇ ಇಲ್ಲ. ನಿಜವನ್ನು ಬರೆದರೆ ಪ್ರಸಾರವೇ ಇಲ್ಲ. ಉಳಿದದ್ದು ಒಂದೇ, ಮುಖ ಬದಲಾಯಿಸಿ ಸುಮ್ಮನಿರುವುದು. ಗೋಲ್ಡ್‌ಬರ್ಗ್ ಮನೆಯಲ್ಲಿ ಸಣ್ಣ ವಿಷಯವೂ ಊಟದ ಮೇಜಿಗೆ ಬರುತ್ತಿತ್ತು, ಅಂಕಲ್ ಡೇವಿಡ್ ಅದಕ್ಕೊಂದು ಒಗ್ಗರಣೆ ಹಾಕುತ್ತಿದ್ದ, ಪಕ್ಕದವರೂ ಬಾಯಿ ಹಾಕುತ್ತಿದ್ದರು. ಈ ವಿಷಯ ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಲೋಬ್‌ಗೆ ಆಮೇಲೆ ಟಿವಿಯಲ್ಲಿ ಕೆಲಸ ಸಿಗಲಿಲ್ಲ. ಮಾನಸಿಕ ಕಾಯಿಲೆಯ ಮಗ ಖಾಸಗಿ ಆಸ್ಪತ್ರೆಯಲ್ಲಿದ್ದ, ಖರ್ಚು ನಿಲ್ಲುವಂಥದ್ದಲ್ಲ. ಒಂದಷ್ಟು ದಿನ ಗೆಳೆಯ ಜೀರೋ ಮಾಸ್ಟೆಲ್ ಮನೆಯಲ್ಲಿದ್ದರು. ಮಾಸ್ಟೆಲ್ ಕೂಡ ಅದೇ ಪಟ್ಟಿಯವರು. 1955ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಟಾಫ್ಟ್ ಹೋಟೆಲಿನ ಕೋಣೆಯೊಂದರಲ್ಲಿ ನಿದ್ದೆ ಮಾತ್ರೆ ನುಂಗಿ ಪ್ರಾಣ ಬಿಟ್ಟರು. 1976ರ 'ದಿ ಫ್ರಂಟ್' ಸಿನಿಮಾದಲ್ಲಿ ಮಾಸ್ಟೆಲ್ ಮಾಡಿದ ಹೆಕಿ ಬ್ರೌನ್ ಪಾತ್ರಕ್ಕೆ ಲೋಬ್ ಬದುಕಿನ ನೆರಳಿದೆ.

ಊರ ಹೊರಗೆ

ಲೋಬ್ ಸತ್ತ ಅದೇ 1955ರಲ್ಲಿ ಗೋಲ್ಡ್‌ಬರ್ಗ್ ಸಂಸಾರ ಬ್ರಾಂಕ್ಸ್ ಬಿಟ್ಟಿತು. ಹ್ಯಾವರ್‌ವಿಲ್ ಎಂಬ ಕಾಲ್ಪನಿಕ ಉಪನಗರಕ್ಕೆ ಬಂತು. ಸ್ವಂತ ಮನೆ, ಮುಂದೆ ಹುಲ್ಲು. ಇದಕ್ಕೆ ಕತೆಯ ಕಾರಣಕ್ಕಿಂತ ಲೆಕ್ಕದ ಕಾರಣ ದೊಡ್ಡದು. 1948ರಿಂದ 1952ರವರೆಗೆ ಅಮೆರಿಕ ಸರ್ಕಾರ ಹೊಸ ಟಿವಿ ಕೇಂದ್ರಗಳಿಗೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತ್ತು. ಹಾಗಾಗಿ ಆಗ ಟಿವಿ ಅಂದರೆ ಬಹುಪಾಲು ನ್ಯೂಯಾರ್ಕಿನಂಥ ದೊಡ್ಡ ನಗರಗಳು. 1950ರಲ್ಲಿ ನೂರಕ್ಕೆ ಒಂಬತ್ತು ಮನೆಗಳಲ್ಲಿ ಮಾತ್ರ ಟಿವಿ ಇತ್ತು. ನೋಡುವವರು ಬ್ರಾಂಕ್ಸ್‌ನವರು, ತೋರಿಸುವುದೂ ಬ್ರಾಂಕ್ಸ್. 'ಮಾಮಾ'ದಲ್ಲಿ ನಾರ್ವೆಯಿಂದ ಬಂದವರ ಮನೆ, 'ಲೈಫ್ ವಿತ್ ಲುಯಿಗಿ'ಯಲ್ಲಿ ಇಟಲಿಯವನು, ಎಲ್ಲರಿಗೂ ಒಂದೊಂದು ಊರು, ಒಂದೊಂದು ಅಡುಗೆ ಇತ್ತು. ತಡೆ ತೆರವಾದ ಮೇಲೆ ಟಿವಿ ಹಳ್ಳಿಗಾಡು, ದಕ್ಷಿಣದ ರಾಜ್ಯಗಳು ಎಲ್ಲ ಕಡೆ ಹೋಯಿತು, 1960ರ ಹೊತ್ತಿಗೆ ಸುಮಾರು ತೊಂಬತ್ತು ಭಾಗ ಮನೆಗಳಲ್ಲಿತ್ತು. ಪ್ರಾಯೋಜಕರಿಗೆ ಎಲ್ಲೂ ಸಲ್ಲುವ ಸಂಸಾರ ಬೇಕಾಯಿತು. ಎಲ್ಲೂ ಸಲ್ಲುವುದು ಅಂದರೆ ಯಾವ ಊರಿನದೂ ಅಲ್ಲದ್ದು.

ಹ್ಯಾವರ್‌ವಿಲ್‌ನ ಕಂತುಗಳು ಫಿಲ್ಮಿನ ಮೇಲೆ ಚಿತ್ರೀಕರಿಸಿದವು, ಅದಕ್ಕೇ ಅವು ಹೆಚ್ಚು ಉಳಿದಿವೆ. ಮೊದಲಿನವು ನೇರ ಪ್ರಸಾರ, ಟಿವಿ ಪರದೆಯ ಮುಂದೆ ಸಿನಿಮಾ ಕ್ಯಾಮೆರಾ ಇಟ್ಟು ಹಿಡಿದ ಮಸುಕು ಪ್ರತಿಗಳಷ್ಟೇ ಇವೆ. ಅಂದರೆ ಇವತ್ತು ಯೂಟ್ಯೂಬಿನಲ್ಲಿ ಸ್ಪಷ್ಟವಾಗಿ ಕಾಣುವ ಜೇಕ್ ಹ್ಯಾರಿಸ್, ಮಸುಕಾಗಿ ಕಾಣುವ ಜೇಕ್ ಲೋಬ್. ಹ್ಯಾವರ್‌ವಿಲ್ ಕಾಲದ ಒಂದು ಕಂತಿನ ಹೆಸರು 'ರೋಸೀಸ್ ನೋಸ್'. ಮಗಳು ರೋಸಿಗೆ ತನ್ನ ಮೂಗು ಆಪರೇಷನ್ ಮಾಡಿಸಿಕೊಂಡು ಬದಲಾಯಿಸಬೇಕು. ಮನೆಯಲ್ಲಿ ಗುಲ್ಲೋ ಗುಲ್ಲು. ಮುಖ ಬದಲಾಯಿಸುವ ವಿಷಯ ಕಡೆಗೂ ಆ ಊಟದ ಮೇಜಿಗೆ ಬಂತು, ಆದರೆ ಮಗಳ ಮೂಗಿನ ಮೂಲಕ. ಬರ್ಗ್ ಬರೆಯುವಾಗ ಇದು ತಲೆಗೆ ಹೊಳೆದಿತ್ತು ಎಂದು ನಾನು ಹೇಳುತ್ತಿಲ್ಲ. ನೋಡುವಾಗ ನನಗೆ ಹೊಳೆಯಿತು, ಅಷ್ಟೆ. 1956ಕ್ಕೆ ಧಾರಾವಾಹಿ ಮುಗಿಯಿತು.

ಕುರ್ಚಿ ಒಬ್ಬನದು, ಕೂತವನು ಇನ್ನೊಬ್ಬ

ಇದಾದ ಮೇಲೆ ಯಹೂದಿಗಳು ಟಿವಿಯಿಂದ ಹೋದರು ಅಂತಲ್ಲ. ಬರೆಯುವವರಲ್ಲಿ, ನಿರ್ಮಿಸುವವರಲ್ಲಿ, ನಗಿಸುವವರಲ್ಲಿ ತುಂಬಿದ್ದರು. ಹೋದದ್ದು ಅವರ ಮನೆ. ಇದಕ್ಕೆ ಕಾರ್ಲ್ ರೈನರ್ ಕತೆಗಿಂತ ಚಂದದ ಉದಾಹರಣೆ ಇಲ್ಲ. ಸಿಡ್ ಸೀಸರ್‌ನ ಹಾಸ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದ ರೈನರ್ ತನ್ನದೇ ಬದುಕಿನ ಮೇಲೆ ಒಂದು ಸಿಟ್‌ಕಾಮ್ ಬರೆದರು, ಹಗಲೆಲ್ಲ ಟಿವಿಗೆ ಜೋಕು ಬರೆದು ಸಂಜೆ ಹೆಂಡತಿ ಮಗುವಿನ ಬಳಿಗೆ ಬರುವ ಗಂಡಸು. ಇದ್ದದ್ದು ನ್ಯೂ ರೋಷೆಲ್‌ನ ಬಾನಿ ಮೆಡೋ ರಸ್ತೆಯಲ್ಲಿ, ಕತೆಯ ಮನೆಯನ್ನೂ ಅದೇ ರಸ್ತೆಯಲ್ಲೇ ಇಟ್ಟರು. ಮಾದರಿ ಕಂತಿನಲ್ಲಿ ನಾಯಕನಾಗಿ ತಾವೇ ನಟಿಸಿದರು. 1960ರಲ್ಲಿ ಅದು ಒಮ್ಮೆ ಪ್ರಸಾರವಾಯಿತು, ಯಾರೂ ಕೊಳ್ಳಲಿಲ್ಲ. ನಿರ್ಮಾಪಕ ಶೆಲ್ಡನ್ ಲೆನರ್ಡ್ ಬರಹ ಚೆನ್ನಾಗಿದೆ ಅಂದರು, ನಾಯಕನನ್ನು ಬದಲಾಯಿಸಬೇಕು ಅಂದರು. 1961ರ ಅಕ್ಟೋಬರ್‌ನಲ್ಲಿ 'ದಿ ಡಿಕ್ ವ್ಯಾನ್ ಡೈಕ್ ಶೋ' ಬಂತು. ರೈನರ್ ರಸ್ತೆಯಲ್ಲಿ, ರೈನರ್ ಕೆಲಸ ಮಾಡುತ್ತ, ರೈನರ್ ಕುರ್ಚಿಯಲ್ಲಿ ಕೂತವನು ಮಿಡ್‌ವೆಸ್ಟಿನ ಉದ್ದನೆಯ ಪ್ರಾಟೆಸ್ಟೆಂಟ್ ಹುಡುಗ ಡಿಕ್ ವ್ಯಾನ್ ಡೈಕ್. ಎಂಥ ನಟ ಅನ್ನುವುದರಲ್ಲಿ ಎರಡು ಮಾತಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನ ಬಡ್ಡಿ ಸಾರೆಲ್ ಯಹೂದಿ, ಅವನು ನಡುವಯಸ್ಸಿನಲ್ಲಿ ಗುಟ್ಟಾಗಿ ಬಾರ್ ಮಿಟ್ಸ್ವಾ, ಅಂದರೆ ಯಹೂದಿ ಹುಡುಗರಿಗೆ ಹದಿಮೂರಕ್ಕೆ ಮಾಡುವ ಸಂಸ್ಕಾರ, ಮಾಡಿಸಿಕೊಳ್ಳುವ ಕಂತೂ 1966ರಲ್ಲಿ ಬಂತು, ಚೆನ್ನಾಗಿದೆ. ಆಫೀಸಿನಲ್ಲಿ ಯಹೂದಿ ಇರಬಹುದು, ಮನೆಯಲ್ಲಿ ಕೂಡದು. ರೈನರ್ ತಮಗೆ ಇಟ್ಟುಕೊಂಡದ್ದು ಬಾಸ್ ಆ್ಯಲನ್ ಬ್ರೇಡಿಯ ಪಾತ್ರ. ಶುರುವಿನ ಸೀಸನ್‌ಗಳಲ್ಲಿ ಕ್ಯಾಮೆರಾಗೆ ಬೆನ್ನು ಹಾಕಿಯೇ ಕೂತಿರುತ್ತಾರೆ, ಇಲ್ಲವೇ ಬರೀ ದನಿ.

ಹಾಗೆ ನೋಡಿದರೆ ಲೋಬ್‌ರನ್ನು ತೆಗೆದದ್ದು ರಾಜಕೀಯ, ರೈನರ್‌ರನ್ನು ತೆಗೆದದ್ದು ಬರೀ ಪಾತ್ರದ ಆಯ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಒಂದರಲ್ಲಿ ಮನುಷ್ಯ ಸತ್ತ, ಇನ್ನೊಂದರಲ್ಲಿ ಶ್ರೀಮಂತನಾದ, ತೊಂಬತ್ತೆಂಟು ವರ್ಷ ಬಾಳಿದ. ಆದರೂ ಟಿವಿ ಎರಡೂ ಸಲ ಕಲಿತ ಪಾಠ ಒಂದೇ: ಮನೆ, ಮಾತು, ಅಡುಗೆ, ಜಗಳ ಎಲ್ಲ ಹಾಗೇ ಇಟ್ಟು ಯಜಮಾನನ ಮುಖವೊಂದನ್ನು ಬದಲಾಯಿಸಿದರೆ ಯಾರೂ ಕೇಳುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಬಹಳಷ್ಟು ನಿಮಗೆ ಗೊತ್ತಿರುವುದೇ. 1972ರಲ್ಲಿ 'ಬ್ರಿಜೆಟ್ ಲವ್ಸ್ ಬರ್ನಿ' ಬಂತು, ಯಹೂದಿ ಟ್ಯಾಕ್ಸಿ ಚಾಲಕ, ಐರಿಶ್ ಕ್ಯಾಥೊಲಿಕ್ ಶ್ರೀಮಂತ ಹುಡುಗಿ, ಮದುವೆ. ಆ ವರ್ಷ ಜನಪ್ರಿಯತೆಯಲ್ಲಿ ಐದನೇ ಸ್ಥಾನ. ಅಂತರ್ಧರ್ಮೀಯ ಮದುವೆಯನ್ನು ಹಗುರ ಮಾಡಿದ್ದಾರೆ ಎಂದು ಈ ಸಲ ಯಹೂದಿ ಸಂಘಟನೆಗಳೇ ಗಲಾಟೆ ಮಾಡಿದವು, ಒಂದೇ ಸೀಸನ್‌ಗೆ ನಿಂತಿತು. ಬರ್ನಿ ಪಾತ್ರದ ಡೇವಿಡ್ ಬರ್ನಿ ಯಹೂದಿಯಲ್ಲ. 1974ರ 'ರೋಡಾ'ದಲ್ಲಿ ರೋಡಾ ಮಾರ್ಗನ್‌ಸ್ಟರ್ನ್ ಬ್ರಾಂಕ್ಸ್‌ನ ಯಹೂದಿ ಹುಡುಗಿ, ನಟಿಸಿದ ವ್ಯಾಲೆರಿ ಹಾರ್ಪರ್ ಯಹೂದಿಯಲ್ಲ. 'ಸೈನ್‌ಫೆಲ್ಡ್'ನ ಜಾರ್ಜ್ ಪಾತ್ರವನ್ನು ಅದರ ಬರಹಗಾರ, ಯಹೂದಿಯಾದ ಲ್ಯಾರಿ ಡೇವಿಡ್ ತನ್ನನ್ನೇ ಕಡೆದು ಮಾಡಿದ್ದು, ಇಟ್ಟ ಹೆಸರು ಇಟಲಿಯದು, ಕೋಸ್ಟಾಂಜಾ. ಅವನ ಅಪ್ಪನ ಕತೆ ಇನ್ನೂ ಚೋದ್ಯ. ಮೊದಲು ಆ ಪಾತ್ರ ಮಾಡಿದವರು ಜಾನ್ ರ್‍ಯಾಂಡಾಲ್ಫ್, 1950ರ ದಶಕದಲ್ಲಿ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಕೆಲಸ ಕಳೆದುಕೊಂಡವರು. ಆಮೇಲೆ ಪಾತ್ರ ಜೆರಿ ಸ್ಟಿಲ್ಲರ್ ಪಾಲಾಯಿತು, ಮರುಪ್ರಸಾರಕ್ಕಾಗಿ ರ್‍ಯಾಂಡಾಲ್ಫ್ ದೃಶ್ಯಗಳನ್ನು ಸ್ಟಿಲ್ಲರ್ ಜೊತೆ ಮತ್ತೆ ಚಿತ್ರೀಕರಿಸಿದರು. ಇದರಲ್ಲಿ ರಾಜಕೀಯವೇನೂ ಇಲ್ಲ, ಸ್ಟಿಲ್ಲರ್ ಆ ಪಾತ್ರಕ್ಕೇ ಹುಟ್ಟಿದವರು. ಆದರೂ ಕಾಕತಾಳೀಯ ಅಂದರೆ ಇದು. 'ಫ್ರೆಂಡ್ಸ್'ನ ರಾಸ್ ಮಗನಿಗೆ ಯಹೂದಿಗಳ ಹನುಕ್ಕಾ ಹಬ್ಬ ಹೇಳಿಕೊಡಲು ಆರ್ಮಡಿಲ್ಲೋ ಎಂಬ ಚಿಪ್ಪುಮೈಯ ಪ್ರಾಣಿಯ ವೇಷ ಹಾಕಿದ್ದು ನಮ್ಮಲ್ಲಿ ಸ್ಟಾರ್ ವರ್ಲ್ಡ್ ನೋಡಿದವರಿಗೆಲ್ಲ ನೆನಪಿರುತ್ತದೆ. 'ಬಿಗ್ ಬ್ಯಾಂಗ್ ಥಿಯರಿ'ಯ ಯಹೂದಿ ಹುಡುಗ ಹವರ್ಡ್‌ನ ಅಮ್ಮನಿಗೆ ಮುಖವೇ ಇಲ್ಲ, ಒಳಗಿನಿಂದ ಬರುವ ಅರಚಾಟ ಮಾತ್ರ.

ಇಷ್ಟೆಲ್ಲ ಆದಮೇಲೆ 2013ರಲ್ಲಿ ಎಬಿಸಿಯಲ್ಲಿ ಮತ್ತೊಂದು 'ದಿ ಗೋಲ್ಡ್‌ಬರ್ಗ್ಸ್' ಬಂತು. ಮೋಲಿಗೂ ಇದಕ್ಕೂ ಸಂಬಂಧವಿಲ್ಲ, ಆ್ಯಡಮ್ ಗೋಲ್ಡ್‌ಬರ್ಗ್ ಎಂಬಾತ ತನ್ನ 1980ರ ದಶಕದ ಬಾಲ್ಯವನ್ನು, ತನ್ನ ಮನೆಯವರನ್ನು ಇಟ್ಟುಕೊಂಡು ಮಾಡಿದ್ದು. ಹೆಸರಿನ ಕಾರಣಕ್ಕೆ ಹಳೆಯದನ್ನು ಹುಡುಕಿದರೆ ಮೊದಲು ಇದೇ ಬಂದು ನಿಲ್ಲುತ್ತದೆ. ಅಲ್ಲೂ ಅಪ್ಪ ಹೋದ. 2021ರ ಕೊನೆಯಲ್ಲಿ, ಸೆಟ್ಟಿನಲ್ಲಿ ನಡವಳಿಕೆಯ ಬಗ್ಗೆ ದೂರುಗಳು ಬಂದ ಮೇಲೆ ಅಪ್ಪನ ಪಾತ್ರಧಾರಿ ಹೊರಬಿದ್ದರು. ಕಾರಣ ಲೋಬ್‌ದಕ್ಕೆ ತದ್ವಿರುದ್ಧ, ಆದರೆ ಬರೆಯುವವರ ಮುಂದಿದ್ದ ಸಮಸ್ಯೆ ಅದೇ. ಉಳಿದ ಕಂತುಗಳನ್ನು ಬೇರೆಯವರ ಮೈ, ಹಳೆಯ ದನಿ, ಕಂಪ್ಯೂಟರಿನಲ್ಲಿ ಅಂಟಿಸಿದ ಮುಖ ಹಾಕಿ ಎಳೆದರು. ನೋಡಿದವರು ಆ ಮುಖವನ್ನು ಹಿಡಿದು ಇಂಟರ್ನೆಟ್ಟಿನಲ್ಲಿ ಚೆನ್ನಾಗಿ ಆಡಿಕೊಂಡರು. ಮುಂದಿನ ಸೀಸನ್ ಶುರುವಾದಾಗ ಆ ತಂತ್ರ ಕೈಬಿಟ್ಟು, ಅಪ್ಪ ತೀರಿಕೊಂಡು ಕೆಲವು ತಿಂಗಳಾಯಿತು ಎಂದು ಮಗನ ದನಿಯಲ್ಲೇ ಹೇಳಿಸಿದರು. ಹೆಂಡತಿ, ಮಕ್ಕಳು ಅವನ ವಿಷಯ ಮಾತಾಡಿದರು. ಧಾರಾವಾಹಿ ಇನ್ನೊಂದು ವರ್ಷ ನಡೆಯಿತು.